ಹೊಸ ಲೇತ್‌ನ ಮೂರು ತಂತಿ

ಸೆಪ್ಟೆಂಬರ್ ಎಂಟು, ಸೋಮವಾರ. ಬೆಳಿಗ್ಗೆ ಹನ್ನೊಂದು ನಲವತ್ತಕ್ಕೆ ಹುಣಸೂರು ಠಾಣೆಗೆ ಬಂದ ಶರತ್‌ಗೆ ಇನ್‌ಸ್ಪೆಕ್ಟರ್ ಮಹೇಶ್‌ಕುಮಾರ್ ಎರಡು ಸಲ ಕುರ್ಚಿ ತೋರಿಸಿದರು. ಅವನು ಕೂರಲಿಲ್ಲ. ಅಂಗಿಯ ಮೇಲೆ ಅವನ ಅಪ್ಪನ ರಕ್ತ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ನಿಂತುಕೊಂಡೇ ದೂರು ಬರೆದ. ಬರೆಯುವಾಗ ಪೆನ್ನು ಹೆಬ್ಬೆರಳು, ನಡುಬೆರಳಿನ ಮಧ್ಯೆ ಇತ್ತು. ಬಲಗೈ ತೋರುಬೆರಳಿನ ತುದಿ ಇರಲಿಲ್ಲ.

ದೂರಿನ ಸಾರಾಂಶ ಇಷ್ಟು. ಪಿರಿಯಾಪಟ್ಟಣ ರಸ್ತೆಯಲ್ಲಿ ಲೇತ್ ವರ್ಕ್‌ಶಾಪ್ ಇಟ್ಟುಕೊಂಡಿದ್ದ ತನ್ನ ತಂದೆ ಹುಚ್ಚಯ್ಯ, ಅರವತ್ತೊಂದು ವರ್ಷ, ಹೋದ ವಾರ ಒಂದು ಸಣ್ಣ ಲೇತ್ ಕೊಂಡು ತಂದಿದ್ದರು. ಅದನ್ನು ಕೂರಿಸುವ ಕೆಲಸವನ್ನು ತಮ್ಮಲ್ಲಿ ಕೆಲಸ ಕಲಿಯುತ್ತಿದ್ದ ರಾವಂದೂರಿನ ಕಾವ್ಯಶ್ರೀ ಎಂಬ ಹುಡುಗಿಗೆ ಬಿಟ್ಟಿದ್ದರು. ಈ ದಿನ ಬೆಳಿಗ್ಗೆ ಹತ್ತು ಗಂಟೆಗೆ ಆಕೆ ಯಂತ್ರ ಚಾಲೂ ಮಾಡಿದಾಗ ಅದರ ಚಕ್ ಕಳಚಿ ಹಾರಿ ತಂದೆಯ ಕುತ್ತಿಗೆಗೆ ಬಡಿದಿದೆ. ಆಸ್ಪತ್ರೆಗೆ ಸಾಗಿಸುವಷ್ಟರಲ್ಲಿ ಪ್ರಾಣ ಹೋಗಿದೆ. ಚಕ್ಕನ್ನು ಬಿಗಿ ಮಾಡದೆ ಬಿಟ್ಟ ಕಾವ್ಯಶ್ರೀಯ ನಿರ್ಲಕ್ಷ್ಯವೇ ಇದಕ್ಕೆ ಕಾರಣ.

"ಚಕ್ ಅಂದ್ರೆ?" ಮಹೇಶ್‌ಕುಮಾರ್ ಕೇಳಿದರು.

"ಕಬ್ಬಿಣ ಕಚ್ಚಿ ಹಿಡ್ಕಳೋ ಗುಂಡು ಸಾ. ಅದು ಗಿರಗಿರ ತಿರುಗ್ತದೆ. ಹದಿನಾಲ್ಕು ಕೇಜಿ ತೂಕ."

"ಬಿಗಿ ಇರ್ಲಿಲ್ಲ ಅಂತ ನಿಮಗೆ ಹೇಗೆ ಗೊತ್ತು?"

"ಬಿಗಿ ಇದ್ದಿದ್ರೆ ಯಾಕ್ ಬಿಚ್ಕತಿತ್ತು?"

ಭಾರತೀಯ ನ್ಯಾಯ ಸಂಹಿತೆಯ ಕಲಂ 106(1)ರ ಅಡಿ, ನಿರ್ಲಕ್ಷ್ಯದಿಂದಾದ ಸಾವು ಎಂದು ಎಫ್‌ಐಆರ್ ದಾಖಲಾಯಿತು. ಹೊರಗೆ ಮೃತನ ನೆಂಟರು ಆಗಲೇ ಗುಂಪುಗೂಡಿದ್ದರು. ಹುಡುಗಿಯನ್ನು ಈಗಲೇ ಒಳಗೆ ಹಾಕಬೇಕು ಎಂದು ಅವರ ಪಟ್ಟು.

ಮಧ್ಯಾಹ್ನ ಹನ್ನೆರಡು ಮೂವತ್ತೈದಕ್ಕೆ ಇಬ್ಬರು ಪಂಚರನ್ನು ಕರೆದುಕೊಂಡು ಮಹೇಶ್‌ಕುಮಾರ್ ಸ್ಥಳ ಪಂಚನಾಮೆಗೆ ಹೋದರು. ಜೊತೆಗೆ ಹೆಡ್ ಕಾನ್‌ಸ್ಟೇಬಲ್ ಬಸವರಾಜು, ಮಹಿಳಾ ಕಾನ್‌ಸ್ಟೇಬಲ್ ರಾಧಾ. ತಗಡಿನ ಛಾವಣಿಯ ಶೆಡ್ಡು. ಎಡಗಡೆ ಗೋಡೆಗೆ ಹಳೆಯ ದೊಡ್ಡ ಲೇತ್. ನಡುವೆ, ಸುತ್ತಲೂ ಓಡಾಡಲು ಜಾಗ ಬಿಟ್ಟು, ನಾಲ್ಕೂವರೆ ಅಡಿಯ ಹೊಸದು. ಹೊಸದು ಎಂದರೆ ಈ ಶೆಡ್ಡಿಗೆ ಹೊಸದು, ಕೆ.ಆರ್. ನಗರದಿಂದ ಬಂದ ಸೆಕೆಂಡ್ ಹ್ಯಾಂಡ್ ಮಾಲು. ಅದರ ಹಿಂಬದಿಯ ನೆಲದಲ್ಲಿ ರಕ್ತ, ಅಲ್ಲಿಂದ ಐದಡಿ ಆಚೆ ಚಕ್ ಬಿದ್ದಿತ್ತು. ಚಕ್ ಬಿಗಿಮಾಡುವ ಕೀಲಿಕೈ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ನೆಲದಲ್ಲಿ ಒಂದು ಎಳೆ ಚಿಂದಿಯೂ ಇಲ್ಲ. ಯಂತ್ರದ ಕಾಲುಗಳಿಗೆ ಬೋಲ್ಟ್ ಹಾಕಿ ಸಿಮೆಂಟು ತುಂಬಿದ್ದರು. ತಲೆಯ ಭಾಗದಲ್ಲಿ ಸೀಮೆಸುಣ್ಣದಿಂದ ಒಂದು ಬಾಣದ ಗುರುತು.

ನಿರ್ಲಕ್ಷ್ಯ ಎನ್ನುವುದನ್ನು ಮಹೇಶ್‌ಕುಮಾರ್ ಬಹಳ ಕಡೆ ನೋಡಿದ್ದರು. ಅದಕ್ಕೊಂದು ಕೊಳಕು ಇರುತ್ತದೆ, ಬಿಸಾಕಿದ ಸ್ಪ್ಯಾನರು, ಸುತ್ತಿಕೊಂಡ ವೈರು, ಟೀ ಲೋಟ. ಇಲ್ಲಿ ಅದ್ಯಾವುದೂ ಇರಲಿಲ್ಲ. ಪಂಚನಾಮೆ ಮುಗಿದು ಪಂಚರು ಸಹಿ ಹಾಕಿದ ಮೇಲೂ ಅವರು ಶೆಡ್ಡಿನೊಳಗೆ ಮೂರು ಸುತ್ತು ಬಂದರು. ಏನು ಹುಡುಕುತ್ತಿದ್ದಾರೆಂದು ಅವರಿಗೇ ತಿಳಿಯಲಿಲ್ಲ.

ಬೀಗ ಹಾಕಿ ಸೀಲು ಮಾಡುವ ಹೊತ್ತಿಗೆ ಶರತ್ ಬಂದ. "ಅಪ್ಪ ಬಿದ್ದ ಜಾಗದಲ್ಲಿ ಒಂದ್ ದೀಪ ಅಚ್ಚಿಟ್ಟು ಬತ್ತೀನಿ ಸಾ. ಐದ್ ನಿಮಿಷ."

"ಇವತ್ತು ಆಗಲ್ಲ."

"ನಾಳೆ?"

"ನೋಡೋಣ. ಮೊದಲು ಮಣ್ಣಿನ ಕೆಲಸ ಮುಗಿಸಿ."

ಕಾವ್ಯಶ್ರೀಗೆ ಇಪ್ಪತ್ತಾರು ವರ್ಷ. ಠಾಣೆಯ ಬೆಂಚಿನ ಮೇಲೆ ತಾಯಿ ಕುಳ್ಳಮ್ಮನ ಪಕ್ಕ ಕೂತಿದ್ದಳು. ಚೂಡಿದಾರದ ಮೇಲೆ ಗಂಡಸರ ಖಾಕಿ ಅಂಗಿ, ತೋಳು ಮೊಣಕೈಯವರೆಗೆ ಮಡಚಿತ್ತು. ಜಡೆ ಟೋಪಿಯೊಳಗೇ ಇತ್ತು. ಬೆಳಗ್ಗೆಯಿಂದ ಅದನ್ನು ತೆಗೆದಿರಲಿಲ್ಲ.

"ಐಟಿಐ ಟರ್ನರ್ ಓದಿದೀನಿ ಸರ್. ಯಾರೂ ಕೆಲ್ಸ ಕೊಡ್ಲಿಲ್ಲ. ಹೆಣ್ಣೈಕ್ಳಿಗೆ ಲೇತ್ ಯಾಕೆ ಅಂತ. ಹುಚ್ಚಯ್ಯ ಮೇಸ್ತ್ರಿ ಒಬ್ರೇ ಬಾ ಅಂದದ್ದು. ಒಂದೂವರೆ ವರ್ಷ ಆಯ್ತು."

"ಏನಾಯ್ತು ಹೇಳಿ."

"ಶನಿವಾರ ಸಂಜೆ ಮೋಟ್ರಿಗೆ ಹೊಸ ಸ್ಟಾರ್ಟರ್ ಪೆಟ್ಟಿಗೆ ತಂದ್ವಿ. ಮೇಸ್ತ್ರಿ ನೋಡ್ತಾ ನಿಂತ್ರು, ನಾನೇ ವೈರ್ ಕೊಟ್ಟೆ. ಚಕ್ ಹಾಕಿ ಇಪ್ಪತ್ತು ನಿಮಿಷ ನಿಧಾನಕ್ಕೆ ಓಡ್ಸಿದ್ವಿ. ಸರಿಯಾಗೇ ತಿರುಗ್ತು. ತಿರುಗೋ ದಿಕ್ಕಿಗೆ ಮೇಸ್ತ್ರೀನೇ ಬಾಣ ಬರುದ್ರು. ಇವತ್ತು ಮೊದ್ಲನೇ ಕೆಲ್ಸ. ಪಂಪ್ ಮೋಟ್ರಿಗೆ ಹಿತ್ತಾಳೆ ಬುಷ್. ನಾಕೈದು ಜನ ನೋಡಕ್ಕೆ ಬಂದಿದ್ರು. ಹಿತ್ತಾಳೆಗೆ ಓಟ ಜಾಸ್ತಿ ಬೇಕು, ಬೆಲ್ಟು ಬದ್ಲಾಯ್ಸು ಅಂದ್ರು ಮೇಸ್ತ್ರಿ. ಬದ್ಲಾಯ್ಸಿದೆ. ಮೊದ್ಲು ನಿಧಾನಕ್ಕೆ ಒಂದ್ಸಲ ಓಡ್ಸಾಣ್ವಾ ಅಂತ ಕೇಳ್ದೆ. ಶನಿವಾರ ಓಡ್ಸಿದ್ವಲ್ಲ ಅಂದ್ರು."

ರಾಧಾ ನೀರು ಕೊಟ್ಟಳು.

"ಹಸಿರು ಬಟನ್ ಒತ್ತಿದೆ. ಸದ್ದು ಬೇರೆ ಥರ ಬಂತು. ಮೇಸ್ತ್ರಿ ಎದುರುಗಡೆ ನಿಂತಿದ್ರು, 'ನಿಲ್ಸು' ಅಂತ ಕೂಗುದ್ರು. ಕೆಂಪು ಬಟನ್‌ಗೆ ಕೈ ಹಾಕ್ದೆ ಸರ್. ಅಷ್ಟರಲ್ಲಿ ಚಕ್ ಬಿಚ್ಕೊಂಡು, ಕೆಳಗೆ ಬಡ್ದು, ಆ ಕಡೆಗೆ ಎಗರ್ತು."

"ಸದ್ದು ಬೇರೆ ಅಂದ್ರೆ?"

"ಉಲ್ಟಾ ತಿರುಗ್ದಂಗೆ ಕಾಣ್ತು. ಕಣ್ಣು ಮಿಟುಕ್ಸೋ ಅಷ್ಟೊತ್ತು. ಅಲ್ಲಿದ್ದವ್ರಿಗೆ ಹೇಳ್ದೆ. ತಪ್ಪು ಮುಚ್ಕಳಕ್ಕೆ ಕತೆ ಕಟ್ತಾವ್ಳೆ ಅಂದ್ರು."

ಅವಳ ಚೀಲದಲ್ಲೊಂದು ನೋಟ್‌ಬುಕ್ ಇತ್ತು. ಯಂತ್ರ ಬಂದ ದಿನದಿಂದ ಮಾಡಿದ್ದೆಲ್ಲ ಅದರಲ್ಲಿತ್ತು. ಉದ್ದಕ್ಕೂ ಅಡ್ಡಕ್ಕೂ ರಸಮಟ್ಟ ಇಟ್ಟು ನೋಡಿದ್ದು, ಬಲಗಡೆ ಹಿಂಗಾಲಿಗೆ ತೆಳು ತಗಡು ಕೊಟ್ಟು ಮಟ್ಟ ತಂದಿದ್ದು, ಮಾರನೆಯ ದಿನ ಮತ್ತೆ ನೋಡಿದಾಗ ಕೂದಲೆಳೆಯಷ್ಟು ಇಳಿದಿದ್ದು, ಚಕ್ಕಿನ ತಿರುಪನ್ನು ಬ್ರಷ್ಷಿನಿಂದ ಉಜ್ಜಿ ಎಣ್ಣೆ ಹಚ್ಚಿ ಕೂರಿಸಿದ್ದು. ಮಹೇಶ್‌ಕುಮಾರ್ ಪುಟ ಪುಟವನ್ನೂ ಓದಿದರು. ಬಂಧಿಸಲಿಲ್ಲ, ವಿಚಾರಣೆಗೆ ಕರೆದಾಗ ಹಾಜರಾಗಬೇಕೆಂದು ನೋಟಿಸು ಕೊಟ್ಟು, ರಾಧಾಳ ಜೊತೆ ಹಿಂಬಾಗಿಲಿಂದ ರಾವಂದೂರಿಗೆ ಕಳಿಸಿದರು. ಮುಂಬಾಗಿಲಲ್ಲಿ ಗುಂಪು ಕೂಗಾಡಿತು. ಮೇಲಧಿಕಾರಿಯಿಂದ ಎರಡು ಸಲ ಫೋನ್ ಬಂತು. ಸರಳ ಕೇಸು, ಯಾಕೆ ಎಳೀತೀರಿ ಎಂದು.

ಹಿಂದೊಮ್ಮೆ ಬೇರೆ ಠಾಣೆಯಲ್ಲಿದ್ದಾಗ ಅವರು ಇಂಥದೇ ಒಂದು ಸರಳ ಕೇಸನ್ನು ಒಂದೇ ದಿನದಲ್ಲಿ ಮುಗಿಸಿದ್ದರು. ಜೈಲಿಗೆ ಹೋದವನು ತಪ್ಪು ಮಾಡಿರಲಿಲ್ಲ ಎಂದು ಗೊತ್ತಾಗಲು ಎರಡು ವರ್ಷ ಹಿಡಿದಿತ್ತು. ಆಮೇಲಿಂದ ಸರಳ ಎಂಬ ಮಾತು ಕೇಳಿದರೆ ಅವರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಸೋಮವಾರ ಸಂಜೆ ಮರಣೋತ್ತರ ಪರೀಕ್ಷೆ ಮುಗಿದು, ಹುಚ್ಚಯ್ಯನನ್ನು ಮಣ್ಣು ಮಾಡಿದರು.

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಲೇತ್ ಮಾರಿದ್ದ ಮಹೇಂದ್ರನನ್ನು ಕೆ.ಆರ್. ನಗರದಿಂದ ಕರೆಸಿದರು. ಐವತ್ತು ದಾಟಿದ ಮನುಷ್ಯ, ಲೇತ್ ರಿಪೇರಿಯಲ್ಲೇ ಜೀವನ ತೆಗೆದವನು. ಸೀಲು ಒಡೆದು ಒಳಗೆ ಬಿಟ್ಟಾಗ ಮೊದಲು ಚಕ್ಕನ್ನಲ್ಲ, ಅದು ಕೂರುವ ಸ್ಪಿಂಡಲ್ಲನ್ನು ಮುಟ್ಟಿ ನೋಡಿದ.

"ತಿರುಪು ಏನೂ ಆಗಿಲ್ಲ ಸಾ. ಕಿತ್ಕೊಂಡ್ ಬಂದಿದ್ರೆ ತಿರುಪಿನ ಹಲ್ಲು ಮುರೀತಿತ್ತು. ನೀಟಾಗಿ ಬಿಚ್ಕಂಡು ಬಂದದೆ."

"ಬಿಗಿ ಮಾಡದೆ ಬಿಟ್ಟಿದ್ರೆ ಹೀಗಾಗುತ್ತಾ?"

"ಇಲ್ಲ ಕಣ್ ಸಾ. ಇದು ಹಳೇ ಮಾಡ್ಲು. ಚಕ್ಕು ಬಾಟ್ಲಿ ಮುಚ್ಚಳದಂಗೆ ಸುತ್ತಿ ಕೂರೋದು. ಸರಿ ದಿಕ್ಕಿಗೆ ತಿರುಗಿದ್ರೆ, ಸಡ್ಲ ಇದ್ರೂ ತಾನೇ ಬಿಗಿ ಆಯ್ತದೆ. ಉಲ್ಟಾ ಜೋರಾಗಿ ತಿರುಗಿದ್ರೆ ಮಾತ್ರ ಬಿಚ್ಕಳೋದು. ಅದ್ಕೇ ಮಾರೋವಾಗ ಹುಚ್ಚಯ್ಯನಿಗೆ ಏಳಿದ್ದೆ, ಇದನ್ನ ಉಲ್ಟಾ ಓಡುಸ್ಬ್ಯಾಡ ಅಂತ."

"ಆ ದೊಡ್ಡದು?" ಮಹೇಶ್‌ಕುಮಾರ್ ಹಳೆಯ ಲೇತ್ ತೋರಿಸಿದರು.

"ಅದ್ರ ಚಕ್ಕಿಗೆ ಬೋಲ್ಟ್ ಅವೆ. ಅದು ಎತ್ಲಾಗ್ ತಿರುಗಿದ್ರೂ ಬೀಳಲ್ಲ."

ಚಕ್ ಇಲ್ಲದೆ, ಬೆಲ್ಟನ್ನು ರಾಟೆಯ ನಿಧಾನದ ಮೆಟ್ಟಿಲಿಗೆ ಹಾಕಿ, ಎಲ್ಲರನ್ನೂ ಹಿಂದಕ್ಕೆ ಸರಿಸಿ ಮಹೇಂದ್ರ ಬಟನ್ ಒತ್ತಿದ. ರಾಧಾ ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದಳು. ಸ್ಪಿಂಡಲ್ ಸೀಮೆಸುಣ್ಣದ ಬಾಣಕ್ಕೆ ಎದುರಾಗಿ ತಿರುಗಿತು.

ಬಸವರಾಜು ಮುಂದೆ ಬಂದ. ಅವನದು ಪಿರಿಯಾಪಟ್ಟಣದ ಕಡೆಯ ಒಕ್ಕಲು ಮನೆ, ಊರಲ್ಲಿ ಎರಡು ಬೋರ್‌ವೆಲ್ಲಿತ್ತು.

"ಸಾ, ನಮ್ಮೂರಲ್ಲಿ ಟ್ರಾನ್ಸ್‌ಫಾರ್ಮರ್ ರಿಪೇರಿ ಮಾಡ್ದಾಗ ಹಿಂಗೇ ಆಯ್ತದೆ. ಮೂರು ಫೇಸ್ ತಂತೀಲಿ ಎರಡು ಅದಲು ಬದಲಾದ್ರೆ ಸಾಕು, ಎಲ್ಲಾರ್ ಮೋಟ್ರೂ ಉಲ್ಟಾ ತಿರುಗ್ತವೆ, ನೀರೇ ಬರಲ್ಲ. ಲೈನ್‌ಮನ್ ಏನಾರ ಭಾನುವಾರ ಮುಟ್ಟಿದ್ನಾ ಅಂತ..."

ಅದನ್ನು ನೋಡದೆ ಮುಂದೆ ಹೋಗುವಂತಿರಲಿಲ್ಲ. ಎರಡು ಅಂಗಡಿ ಆಚೆ ಪುಟ್ಟಮಲ್ಲಮ್ಮನ ಹಿಟ್ಟಿನ ಗಿರಣಿ ಇತ್ತು. ಅದಕ್ಕೂ ಅದೇ ಟ್ರಾನ್ಸ್‌ಫಾರ್ಮರಿನ ಕರೆಂಟು.

"ನಿನ್ನೆ ಬೆಳಿಗ್ಗೆ ಗಿರಣಿ ಓಡಿಸಿದ್ರಾ?"

"ಎಂಟ್ ಗಂಟೆಯಿಂದ ಓಡುಸ್ತಾ ಇವ್ನಿ. ನಾಕು ಮೂಟೆ ರಾಗಿ ಬೀಸ್ದೆ."

"ಮೋಟ್ರು ಸರಿಯಾಗಿ ತಿರುಗ್ತಾ?"

"ಉಲ್ಟಾ ತಿರುಗಿದ್ರೆ ಇಟ್ಟು ಎಲ್ಲಿ ಬರ್ತದೆ ಸ್ವಾಮಿ?" ಆಕೆ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಓದ್ ವರ್ಸ ಒಂದ್ಸಲ ಅಂಗಾಗಿತ್ತು. ಲೈನ್‌ಮನ್ನ ಬೋದಾಡ್ಬುಟ್ಟಿದ್ದೆ. ಈಗ ಏನೂ ಇಲ್ಲ."

ವಿದ್ಯುತ್ ಕಚೇರಿಯಲ್ಲಿ ಶನಿವಾರದಿಂದ ಸೋಮವಾರದವರೆಗೆ ಆ ಲೈನಿನಲ್ಲಿ ಯಾವ ಕೆಲಸವೂ ಆಗಿಲ್ಲವೆಂದು ಬರೆದುಕೊಟ್ಟರು. ಶೆಡ್ಡಿನ ಹಳೆಯ ಲೇತ್ ಹಾಕಿ ನೋಡಿದರು. ಸರಿಯಾಗಿ ತಿರುಗಿತು. ಹಾಗಾದರೆ ಅದಲು ಬದಲಾಗಿದ್ದು ಹೊಸ ಲೇತ್‌ನ ಸ್ಟಾರ್ಟರ್ ಪೆಟ್ಟಿಗೆಯೊಳಗೇ.

ಕಾವ್ಯಶ್ರೀಯೇ ಏಕೆ ತಪ್ಪು ಕೊಟ್ಟಿರಬಾರದು? ಮಹೇಶ್‌ಕುಮಾರ್ ರಾವಂದೂರಿಗೆ ಫೋನ್ ಮಾಡಿಸಿದರು. ಅವಳು ಶನಿವಾರ ಪೆಟ್ಟಿಗೆ ಮುಚ್ಚುವ ಮೊದಲು ಒಂದು ಫೋಟೊ ತೆಗೆದಿದ್ದಳು. ಸಮಯ ಸಂಜೆ ಆರು ಹನ್ನೆರಡು. ಮಧ್ಯಾಹ್ನ ಮೂರಕ್ಕೆ ಮೈಸೂರಿನಿಂದ ಬೆರಳಚ್ಚು ತಜ್ಞರು ಬಂದ ಮೇಲೆ ಪಂಚರ ಮುಂದೆ ಮುಚ್ಚಳ ತೆಗೆದರು. ಫೋಟೊದಲ್ಲಿ ಕೆಂಪು, ಹಳದಿ, ನೀಲಿ ತಂತಿಗಳು ಆ ಸಾಲಿನಲ್ಲೇ ಇದ್ದವು. ಪೆಟ್ಟಿಗೆಯಲ್ಲಿ ನೀಲಿ ಮೊದಲಿತ್ತು, ಕೆಂಪು ಕೊನೆಗೆ. ಹೊಸ ಸ್ಕ್ರೂಗಳ ತಲೆಯ ಮೇಲೆ ಗೀರುಗಳಿದ್ದವು. ಮುಚ್ಚಳದ ಒಳಮೈಯಲ್ಲಿ ನಾಲ್ಕು ಬೆರಳಚ್ಚು ಸಿಕ್ಕವು. ಎರಡು ಸ್ಪಷ್ಟವಾಗಿದ್ದವು.

ಆ ಸಂಜೆ ಶೆಡ್ಡಿಗೆ ಬಂದುಹೋಗುವವರೆಲ್ಲರ ಬೆರಳಚ್ಚು ತೆಗೆದುಕೊಂಡರು. ಕಾವ್ಯಶ್ರೀ, ಮಹೇಂದ್ರ, ಸೋಮವಾರ ನೋಡಲು ಬಂದಿದ್ದ ರೈತರು, ಶರತ್.

"ಮಗನದೂ ಯಾಕೆ?" ಶರತ್ ಕೇಳಿದ.

"ಎಲ್ಲರದೂ ಬೇಕು. ಹೊಸ ಸ್ಟಾರ್ಟರ್ ಮುಟ್ಟಿದ್ರಾ?"

"ಇಲ್ಲ. ನನ್ನ ಎಲ್ಲಿ ಮುಟ್ಟಕ್ಕೆ ಬಿಟ್ರು?" ಅಂದವನು, ತಕ್ಷಣ, "ನಂಗೇನ್ ಕೆಲ್ಸ ಅಲ್ಲಿ," ಎಂದು ಸೇರಿಸಿದ. ಆಮೇಲೆ ಮತ್ತೆ ದೀಪದ ಮಾತು ತೆಗೆದ. ಬೀಗದ ಕೈ ಐದು ನಿಮಿಷ ಕೊಟ್ಟರೆ ಸಾಕು ಎಂದ. ಅವನು ಬಸ್ ನಿಲ್ದಾಣದ ಹತ್ತಿರ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿರುವುದು ಮಹೇಶ್‌ಕುಮಾರ್‌ಗೆ ಗೊತ್ತಾಗಿದ್ದು ಆಗ, ವಿಳಾಸ ಬರೆದುಕೊಳ್ಳುವಾಗ.

ಆ ರಾತ್ರಿ ಅವರು ಊಟದ ತಟ್ಟೆಯ ಮುಂದಿನಿಂದ ಎರಡು ಸಲ ಎದ್ದರು. ಮಗನೊಬ್ಬ ಅಪ್ಪನ ಸಾವಿನ ದೂರು ತಾನೇ ಬರೆದುಕೊಟ್ಟಿದ್ದಾನೆ, ರಕ್ತದ ಅಂಗಿಯಲ್ಲಿ. ತಾವು ಅಂದುಕೊಳ್ಳುತ್ತಿರುವುದು ಸುಳ್ಳಾಗಲಿ ಎಂದೇ ಅವರು ಬಯಸುತ್ತಿದ್ದರು.

ಬುಧವಾರ ಮೂರನೆಯ ದಿನ. ಮನೆಯವರು ಹಾಲು ತುಪ್ಪ ಬಿಟ್ಟು ಬರುವವರೆಗೂ ಕಾದು, ಮಧ್ಯಾಹ್ನ ಒಂದೂಕಾಲಕ್ಕೆ ಮಹೇಶ್‌ಕುಮಾರ್ ಮತ್ತು ರಾಧಾ ಹುಚ್ಚಯ್ಯನ ಮನೆಗೆ ಹೋದರು. ಹೆಂಡತಿ ಯಶೋದಮ್ಮ ಗೋಡೆಗೆ ಒರಗಿ ಕೂತಿದ್ದರು. ಶರತ್ ಅಂಗಡಿಗೆ ಹೋಗಿದ್ದ. ಮನೆಯಲ್ಲಿ ಇರಲು ಆಗುವುದಿಲ್ಲ ಅಂದನಂತೆ.

"ಶೆಡ್ಡಿನ ಬೀಗದ ಕೈ ಎಲ್ಲಿರ್ತಿತ್ತಮ್ಮ?"

"ದೇವ್ರ ಗೂಡಲ್ಲಿ."

"ಭಾನುವಾರ ಯಾರಾದ್ರೂ ತಗೊಂಡಿದ್ರಾ?"

"ಯಜಮಾನ್ರು ಭಾನುವಾರ ಓಗಲ್ಲ. ಮೂರು ಗಂಟೆ ಒತ್ನಲ್ಲಿ ಶರತ ಇಸ್ಕಂಡ. ಡ್ರಿಲ್ ಮಿಸನ್ನು ಬೇಕು ಅಂತ. ಅರ್ಧ ಗಂಟೆಲಿ ತಂದು ಇಟ್ಟ."

"ಡ್ರಿಲ್ ಮಿಷನ್ ತಂದಿದ್ರಾ?"

ಯಶೋದಮ್ಮ ನೆನಪು ಮಾಡಿಕೊಂಡರು. "ಬರಿಗೈಲಿ ಬಂದ. ಸಿಗ್ನಿಲ್ವೇನೋ." ಅಷ್ಟು ಹೇಳಿ ರಾಧಾಳ ಕಡೆ ತಿರುಗಿದರು. "ಬಿಸಿಲಲ್ಲಿ ಬಂದಿದೀರಿ, ಒಂದ್ ಲೋಟ ಮಜ್ಜಿಗೆ ಕುಡೀರವ್ವ."

ಬೇಡ ಎನ್ನಲು ರಾಧಾಳಿಗೆ ಬಾಯಿ ಬರಲಿಲ್ಲ. ಮಹೇಶ್‌ಕುಮಾರ್ ಹೇಳಿಕೆ ಬರೆದುಕೊಂಡು, ಓದಿ ಹೇಳಿ, ಹೊರಬಂದರು. ಹೇಳಿದ ಮಾತಿನ ಅರ್ಥವೇನೆಂದು ಯಶೋದಮ್ಮನಿಗೆ ಗೊತ್ತಿರಲಿಲ್ಲ. ಗೊತ್ತಾಗುವ ಹೊತ್ತಿಗೆ ತಾವೇ ಎದುರಿರಬೇಕಾಗುತ್ತದೆ ಎಂಬುದು ಅವರನ್ನು ಜೀಪು ಹತ್ತಲು ಬಿಡದೆ ಬೀದಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿತು.

ನಾಲ್ಕು ಹತ್ತಕ್ಕೆ ಮೈಸೂರಿನಿಂದ ಫೋನ್ ಬಂತು. ಮುಚ್ಚಳದ ಒಳಗಿದ್ದದ್ದು ಶರತ್‌ನ ಬಲಗೈ ಹೆಬ್ಬೆರಳು ಮತ್ತು ನಡುಬೆರಳಿನ ಗುರುತು. ಹೊಸ ಸ್ಟಾರ್ಟರ್ ಶೆಡ್ಡಿಗೆ ಬಂದದ್ದೇ ಶನಿವಾರ ಸಂಜೆ. ಅಂದು ಅವನು ಶೆಡ್ಡಿನತ್ತ ಸುಳಿದಿರಲಿಲ್ಲ.

ಐದು ಗಂಟೆಗೆ ಬಸವರಾಜು ಅವನನ್ನು ಅಂಗಡಿಯಿಂದ ಕರೆತಂದ. ಈ ಸಲ ಶರತ್ ಕುರ್ಚಿ ತೋರಿಸುವ ಮೊದಲೇ ಕೂತ.

"ಭಾನುವಾರ ಮೂರು ಗಂಟೆಗೆ ಎಲ್ಲಿದ್ರಿ?"

"ಅಂಗಡೀಲಿ."

"ಶೆಡ್ಡಿನ ಕೀ ತಗೊಂಡ್ರಂತೆ."

"ಡ್ರಿಲ್ ಮಿಸನ್ನಿಗೆ."

"ಡ್ರಿಲ್ ಮಿಷನ್ ಸ್ಟಾರ್ಟರ್ ಪೆಟ್ಟಿಗೆಯೊಳಗೆ ಇತ್ತಾ?"

ಮಹೇಶ್‌ಕುಮಾರ್ ಶನಿವಾರದ ಫೋಟೊ, ಮಂಗಳವಾರದ ಫೋಟೊ ಎರಡನ್ನೂ ಪಕ್ಕಪಕ್ಕ ಇಟ್ಟರು. ಬೆರಳಚ್ಚಿನ ವರದಿ ಇಟ್ಟರು. ಶರತ್ ವರದಿಯನ್ನು ನೋಡಲಿಲ್ಲ; ಫೋಟೊದ ಮೂರು ತಂತಿಗಳನ್ನೇ ನೋಡಿದ. ಹೊರಗೆ ಮೈಸೂರು ಬಸ್ಸೊಂದು ಹಾರ್ನ್ ಹೊಡೆದುಕೊಂಡು ಹೋಯಿತು.

"ನಮ್ಮಪ್ಪ ಸಾಯ್ಲಿ ಅಂತ ಮಾಡ್ಲಿಲ್ಲ ಸಾ."

"ಮತ್ತೆ?"

"ಉಲ್ಟಾ ತಿರುಗ್ಲಿ ಅಂತ. ಅಷ್ಟೇ. ಬಂದವ್ರ ಮುಂದೆ ಉಲ್ಟಾ ತಿರುಗ್ಲಿ, ಅವ್ಳು ಕೊಟ್ಟ ವೈರ್ ನೋಡಿ ನಗಾಡ್ಲಿ. ಆಗ ಅಪ್ಪ ನನ್ನ ಕರೀತದೆ ಅಂದ್ಕಂಡೆ. ವೈರಿನ ಕೆಲ್ಸ ನಂದು. ಹದಿನಾಲ್ಕು ವರ್ಸದಿಂದ ಊರಿನ್ ಮೋಟ್ರೆಲ್ಲ ಕಟ್ಟಿದೀನಿ. ನಮ್ಮನೆ ಲೇತಿಗೆ ವೈರ್ ಕೊಡಕ್ಕೆ ರಾವಂದೂರಿಂದ ಬರ್ಬೇಕಾ?"

"ಚಕ್ ಬಿಚ್ಕೊಳ್ಳುತ್ತೆ ಅಂತ ಗೊತ್ತಿರಲಿಲ್ವಾ?"

ಶರತ್ ತಲೆ ಎತ್ತಿದ. "ಹಳೇದ್ರದ್ದು ಬೋಲ್ಟ್ ಹಾಕಿರೋದು. ಇದೂ ಅಂಗೇ ಅಂದ್ಕಂಡೆ. ಇದು ಸುತ್ತಿ ಕೂರೋದು ಅಂತ ನಂಗ್ಯಾರು ಏಳ್ಕೊಟ್ರು? ಅಪ್ಪ ಲೇತ್ ಅತ್ರಕ್ಕೆ ಬಿಟ್ಟಿದ್ರೆ ಗೊತ್ತಾಗಿರೋದು." ಬಲಗೈಯನ್ನು ಮೇಜಿನ ಮೇಲಿಟ್ಟ. "ಹದಿನಾರು ವರ್ಸ ಸಾ. ಈ ಬೆರಳು ಓದ್ ದಿನದಿಂದ. ಶೆಡ್ಡಿನ ಹೊಸಿಲು ದಾಟಿದ್ರೆ 'ಓಗಲಾ ಆಚೆ' ಅಂತಿತ್ತು. ಕೈ ಆಗದವನು ಅಂತ. ಅವ್ಳಿಗೆ ಮಾತ್ರ ಪಕ್ಕದಲ್ಲಿ ನಿಂತು ಏಳ್ಕೊಡ್ತಿತ್ತು."

"ತಪ್ಪು ಮಾಡಿದ್ದು ನೀವು. ದೂರು ಅವಳ ಮೇಲೆ ಕೊಟ್ರಿ."

"ಅಪ್ಪನ್ನ ಎತ್ಕಂಡಾಗ ಎಲ್ರೂ ಅವ್ಳನ್ನೇ ಬೈತಿದ್ರು. ನಾನೂ ಬೈದೆ. ಬೈತಾ ಬೈತಾ ಅದೇ ನಿಜ ಅನ್ಸೋಯ್ತು."

ಸ್ವಇಚ್ಛಾ ಹೇಳಿಕೆ ಬರೆದುಕೊಂಡು, ಅವನ ಅಂಗಡಿಯಿಂದ ಸ್ಕ್ರೂಡ್ರೈವರ್ ಅಮಾನತುಪಡಿಸಿದರು. ಕಲಂ 106 ಹೋಗಿ, ಕೊಲೆಯಲ್ಲದ ದಂಡನಾರ್ಹ ನರಹತ್ಯೆಯ 105 ಬಂತು. ಸುಳ್ಳು ದೂರಿಗೆ 217 ಸೇರಿತು. ಸಂಜೆ ಏಳು ಇಪ್ಪತ್ತಕ್ಕೆ ಶರತ್‌ನನ್ನು ಬಂಧಿಸಲಾಯಿತು. ರಾಧಾ ಕಾವ್ಯಶ್ರೀಗೆ ಫೋನ್ ಮಾಡಿದಳು. ಎಲ್ಲ ಕೇಳಿಸಿಕೊಂಡ ಕಾವ್ಯಶ್ರೀ, "ಅಮ್ಮಂಗೆ ಗೊತ್ತಾಯ್ತಾ?" ಎಂದು ಮಾತ್ರ ಕೇಳಿದಳು. ಅವಳು ಯಶೋದಮ್ಮನನ್ನು ಅಮ್ಮ ಎನ್ನುತ್ತಿದ್ದಳು.

ಬಂಧನದ ಪತ್ರಕ್ಕೆ ಮನೆಯವರೊಬ್ಬರ ಸಹಿ ಬೇಕು. ಯಶೋದಮ್ಮ ಬಂದರು. ಮಹೇಶ್‌ಕುಮಾರ್ ಎದ್ದು ನಿಂತು ಎಲ್ಲವನ್ನೂ ತಾವೇ ಹೇಳಿದರು, ಏನೂ ಬಿಡದೆ. ಆಕೆ ಅಳಲಿಲ್ಲ. ಎಲ್ಲಿ ಸಹಿ ಹಾಕಬೇಕು ಎಂದು ಕೇಳಿ, ಒಂದೊಂದೇ ಅಕ್ಷರ ಕೂಡಿಸಿ ಹಾಕಿದರು. ಆಮೇಲೆ ಪೆನ್ನು ಹಿಂದಕ್ಕೆ ಕೊಡದೆ ಕೈಯಲ್ಲೇ ಹಿಡಿದುಕೊಂಡರು.

"ಕೈ ಆಗದವನು ಅಂತ ಆಚೆ ಕಳುಸುದ್ರು ಅಂದ್ಕಂಡಿದ್ನಾ ಅವ್ನು?"

"ಹಾಗಂದ್ರು."

"ಆ ಬೆರಳು ತೆಗ್ದಿದ್ದು ಅವ್ರಪ್ಪನೇ ಸಾಮಿ. ಮಗ ಲೇತ್ ಒಳಗೆ ಕೈ ಇಟ್ಟು ಒರೆಸ್ತಿತ್ತು, ಇವ್ರು ಆ ಕಡೆ ತಿರುಗಿ ಯಾರ್ ಕೂಡ್ಲೋ ಮಾತಾಡ್ತಾ ಬಟನ್ ಒತ್ತುಬುಟ್ರು. ಮಗನೇ ಕೈ ಆಕ್ಬುಡ್ತು ಅಂತ ಊರಿಗೆಲ್ಲ ಏಳಿದ್ರು. ನೋವಲ್ಲಿ ಅವನ್ಗೂ ನೆನಪಿರ್ನಿಲ್ಲ, ಅಂಗೇ ಅಂದ್ಕಂಡ. ಆಮ್ಯಾಕೆ ಅವ್ನು ಶೆಡ್ಡಿಗೆ ಬಂದ್ರೆ ಇವ್ರಿಗೆ ಕೈ ನಡುಗೋದು. ಅದ್ಕೇ ಆಚೆಗೆ ಕಳುಸ್ತಿದ್ರು."

"ಮಗನಿಗೆ ಹೇಳಿರಲಿಲ್ವಾ?"

"ಏಳ್ಬ್ಯಾಡ ಅಂದಿದ್ರು. ನಾನೂ ಏಳ್ನಿಲ್ಲ."

ರಾಧಾ ಆಕೆಯನ್ನು ಲಾಕಪ್ಪಿನ ಕಡೆ ಕರೆದುಕೊಂಡು ಹೋದಳು. ಅಲ್ಲಿ ತಾಯಿ ಮಗ ಏನು ಮಾತಾಡಿದರೋ, ಮಹೇಶ್‌ಕುಮಾರ್‌ಗೆ ಕೇಳಿಸಲಿಲ್ಲ. ಮಾತಾಡಿದಂತೆಯೇ ಅನ್ನಿಸಲಿಲ್ಲ. ಐದು ನಿಮಿಷದಲ್ಲಿ ಆಕೆ ಹೊರಬಂದು ಆಟೊ ಹತ್ತಿದರು.

ಆಕೆ ಕೊನೆಗೆ ಹೇಳಿದ್ದು ಸಾಕ್ಷ್ಯವಲ್ಲ. ಹದಿನಾರು ವರ್ಷದ ಹಿಂದಿನ ಮಾತು, ಈ ಕೇಸಿಗೆ ಬೇಕಾಗಿಯೂ ಇರಲಿಲ್ಲ. ಬಸವರಾಜು ಕಡತ ಕಟ್ಟಲು ಟೇಪು ಹಿಡಿದು ಕಾಯುತ್ತಿದ್ದ. ಮಹೇಶ್‌ಕುಮಾರ್ ಒಂದು ಹೊಸ ಹಾಳೆ ತೆಗೆದು, ಯಶೋದಮ್ಮನವರ ಪೂರಕ ಹೇಳಿಕೆ ಎಂದು ಮೇಲೆ ಬರೆದು, ಅಷ್ಟನ್ನೂ ಆಕೆಯ ಮಾತಿನಲ್ಲೇ ಇಳಿಸಿದರು.

"ಇದು ಚಾರ್ಜ್‌ಶೀಟಿಗೆ ಬೇಕಾ ಸಾ?"

"ಇರ್ಲಿ. ಚಾರ್ಜ್‌ಶೀಟಿನ ಒಂದು ಪ್ರತಿ ಆರೋಪಿಗೂ ಕೊಡ್ತಾರಲ್ಲ."